ತಂಪು ಕಾಯ್ದ ಹುಲಿಗೆಪ್ಪ

ಫ್ಯಾನಿನ ಕೆಳಗೆ ಜಾಗ ಮಾಡಿಕೊಂಡು ಕೂತ್ಕೊಳ್ಳಿ. ಇದು ಸೆಖೆಯ ಕತೆ. ಅರ್ಧ ಸೆಖೆಯದು, ಉಳಿದರ್ಧ ಹೊಟ್ಟೆಯುರಿಯದು.

ಹೊಸಪೇಟೆಯಲ್ಲಿ ಪಂಪವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಹುಲಿಗೆಪ್ಪ. ಇಪ್ಪತ್ತೆಂಟು ವರ್ಷ, ಆರಡಿ ಎತ್ತರ, ಬಾಗಿಲಷ್ಟು ಅಗಲ ಎದೆ. ದೇವರು ಎಲ್ಲಾ ಕೊಟ್ಟು, ಬುದ್ಧಿ ಕೊಡುವ ಹೊತ್ತಿಗೆ ಯಾರೋ ಕರೆದರು ಅಂತ ಎದ್ದು ಹೋಗಿದ್ದ. ಹಾಗಂತ ಹುಲಿಗೆಪ್ಪ ಹೇಳಿದ ಮಾತು ಮೀರುವವನಲ್ಲ. ಹೇಳಿದಷ್ಟೂ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಒಂದು ದಿನ ಪಂಪವ್ವ ಅಂಗಳದಲ್ಲಿ ಸಂಡಿಗೆ ಹಾಕಿ, "ಹುಲಿಗಾ, ಇಲ್ಲೇ ಕುಂದ್ರು, ಕಾಗಿ ಬಂದ್ರ ಓಡಿಸು" ಅಂದು ಹೊರಗೆ ಹೋದಳು. ಬಂದು ನೋಡಿದರೆ ಒಂದೂ ಸಂಡಿಗೆ ಇಲ್ಲ. ಮಗ ಕೋಲು ಹಿಡಿದು ಕೂತಿದ್ದಾನೆ. ಪಕ್ಕದಲ್ಲೊಂದು ಮೇಕೆ ಬಾಯಿ ಚಪ್ಪರಿಸುತ್ತಾ ನಿಂತಿದೆ.

"ಏನ್ಲೇ ಇದು!"

"ಒಂದು ಕಾಗೀನೂ ಬರಲಿಲ್ಲವ್ವಾ!"

ಇಂಥ ಮಗನನ್ನು ಇಟ್ಟುಕೊಂಡು ಪಂಪವ್ವ ಹೇಗೋ ಬದುಕುತ್ತಿದ್ದಳು, ಆದರೆ ಪಕ್ಕದ ಮನೆಯಲ್ಲಿ ಕೊಟ್ರವ್ವ ಇದ್ದಳು. ಕೊಟ್ರವ್ವ ಪಂಪವ್ವನ ನೆಗೆಣ್ಣಿ, ಮೈದುನನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಕೊಟ್ರವ್ವನ ಮಗ ವಿರುಪಣ್ಣ ಏಸಿ ರಿಪೇರಿ ಕಲಿತು, ಅಂಗಡಿ ಹಾಕಿ, ಊರಿನ ಕಾರುಗಳನ್ನೆಲ್ಲಾ ತಣ್ಣಗೆ ಮಾಡಿ, ತಾಯಿಯ ಕೋಣೆಗೂ ಒಂದು ಏಸಿ ಹಾಕಿಸಿದ್ದ. ಆ ಏಸಿಯ ಹೊರಗಿನ ಡಬ್ಬಿ ಕೂತದ್ದು ನಡುಗೋಡೆಯ ಮೇಲೆ. ಅದರ ಮುಖ ಪಂಪವ್ವನ ಅಂಗಳದ ಕಡೆ.

"ನೋಡ್ರೆವ್ವಾ ನ್ಯಾಯ! ತಂಪು ಆಕಿಗೆ, ಝಳ ನನಗೆ!" ಅಂತ ಪಂಪವ್ವ ಓಣಿಯವರಿಗೆಲ್ಲಾ ಹೇಳಿದಳು.

"ಅಕ್ಕಾ, ಸಂಡಿಗಿ ಬೇಗ ಒಣಗ್ತಾವಲ್ಲ ಬಿಡು" ಅಂತ ಕೊಟ್ರವ್ವ ಒಳಗಿನಿಂದಲೇ ಅಂದಳು, ಕಂಬಳಿ ಹೊದ್ದುಕೊಂಡು. ಚೈತ್ರದ ಬಾಗಿಲಲ್ಲಿ, ಹೊಸಪೇಟೆಯಲ್ಲಿ, ಕಂಬಳಿ! ಪಂಪವ್ವ ಆವತ್ತು ಊಟ ಮಾಡಲಿಲ್ಲ.

ಹೊಟ್ಟೆಕಿಚ್ಚಿಗೆ ಬಡವರ ಮನೆ, ಬಲ್ಲಿದರ ಮನೆ ಅಂತ ಇಲ್ಲ. ಅದೇ ಊರಲ್ಲಿ ಅಮರೇಶಪ್ಪ ಅಂತ ಒಬ್ಬ ಸಾಹುಕಾರ. ಅಕ್ಕಿ ಗಿರಣಿ, ಬಸ್‌ಸ್ಟ್ಯಾಂಡ್ ಎದುರು ಸಾಲು ಮಳಿಗೆ, ಯಾವುದಕ್ಕೂ ಕಡಿಮೆ ಇಲ್ಲ. ಆದರೂ ರಾತ್ರಿ ನಿದ್ದೆ ಇಲ್ಲ. ಯಾಕೆಂದರೆ ಗಂಗಾವತಿಯಲ್ಲಿ ಅವನ ಷಡ್ಡಕ ಇದ್ದ, ಹೆಂಡತಿಯ ತಂಗಿಯ ಗಂಡ ಮಹಾಂತಪ್ಪ. ಆ ಮಹಾಂತಪ್ಪ ಒಂದು ಪರದೇಶದ ಕಾರು ತಂದ. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಹುಲಿ ಗುರುಗುಟ್ಟಿದ ಹಾಗೆ ಸದ್ದು. ಹದಿನೈದು ದಿನಕ್ಕೆ ಅಮರೇಶಪ್ಪನೂ ತಂದ. ಅದೇ ಕಾರು, ಅದೇ ಕೆಂಪು. ತಂದು, ಗೀರು ಬಿದ್ದೀತು ಅಂತ ಹೆದರಿ, ಗಿರಣಿಯ ಶೆಡ್ಡಿನಲ್ಲಿ ಭತ್ತದ ಚೀಲದ ಪಕ್ಕ ಮುಚ್ಚಿಟ್ಟ.

ಅಷ್ಟರಲ್ಲಿ ಇಬ್ಬರಿಗೂ ಮಾವನಾದ ಗದುಗಿನ ಸಂಗನಬಸಪ್ಪನವರ ಫೋನ್ ಬಂತು. "ಈ ಸಲ ಯುಗಾದಿಗೆ ನಾನೇ ಬರ್ತೀನಿ. ಹೊಸಪೇಟೆ ಸ್ಟೇಷನ್ನಿಗೆ ಇಳೀತೀನಿ. ನನಗ ಬಿಸಲು ಆಗಂಗಿಲ್ಲ. ಯಾರ ಕಾರು ತಣ್ಣಗಿರತೈತೋ ಅದರಾಗ ಕುಂದರತೀನಿ, ಅವರ ಮನ್ಯಾಗ ಹಬ್ಬ ಮಾಡತೀನಿ."

ಅಮರೇಶಪ್ಪ ಓಡಿ ಹೋಗಿ ಕಾರಿನ ಹೊದಿಕೆ ತೆಗೆದ. ಏಸಿ ಹಚ್ಚಿದ. ಮುದುಕ ನಿಟ್ಟುಸಿರು ಬಿಟ್ಟ ಹಾಗೆ ಬೆಚ್ಚಗೆ ಇಷ್ಟೇ ಇಷ್ಟು ಗಾಳಿ ಬಂತು. ಕಂಪನಿಗೆ ಫೋನ್ ಮಾಡಿದರೆ, ಕಾರನ್ನು ಲಾರಿ ಮೇಲೆ ಹಾಕಿ ಬೆಂಗಳೂರಿಗೆ ಕಳಿಸಿ, ಹಬ್ಬ ಆದ ಮೇಲೆ ನೋಡೋಣ ಅಂದರು. ನನ್ನ ಕಾರು ಲಾರಿ ಮೇಲೆ ಹೋಗುವುದೇ? ಮಹಾಂತಪ್ಪ ನೋಡಿ ನಗುವುದೇ? ಬಳ್ಳಾರಿಯಲ್ಲಿ ಒಬ್ಬ ಮಿಸ್ತ್ರಿ ಇದ್ದ, ಅವನು ಮಹಾಂತಪ್ಪನ ಕಡೆಯವನು. ಬೇಡ. ವಿರುಪಣ್ಣನನ್ನು ಕರೆಸೋಣ ಅಂದರೆ, ವಿರುಪಣ್ಣ ನಡೆದುಕೊಂಡು ಶ್ರೀಶೈಲಕ್ಕೆ ಹೋಗಿದ್ದಾನೆ, ಬರುವುದು ಹಬ್ಬ ಮುಗಿದ ಮೇಲೆ.

ಸಾಹುಕಾರ ಡಂಗುರ ಹೊಡೆಸಿದ ಹಾಗೆ ಹೇಳಿಬಿಟ್ಟ. "ಹಬ್ಬದೊಳಗ ಈ ಕಾರು ತಣ್ಣಗ ಮಾಡಿದೋರಿಗೆ ಬಸ್‌ಸ್ಟ್ಯಾಂಡ್ ಎದುರಿನ ಖಾಲಿ ಮಳಿಗಿ ಕೊಡ್ತೀನಿ!"

ಆ ಮಳಿಗೆಯನ್ನು ಕೊಟ್ರವ್ವ ಮಗನಿಗೆ ಅಂತ ಎರಡು ವರ್ಷದಿಂದ ಕೇಳುತ್ತಿದ್ದಳು. ಪಂಪವ್ವನ ಕಿವಿಗೆ ಈ ಸುದ್ದಿ ಬಿದ್ದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಗಿರಣಿಗೆ ನಡೆದಳು.

"ಸಾವ್ಕಾರ್ರೇ, ನನ್ನ ಮಗ ಅದಾನ. ವಿರುಪಣ್ಣನ ಅಂಗಡ್ಯಾಗ ಮೂರು ತಿಂಗಳು ಕುಂತಿದ್ದ."

ಕುಂತಿದ್ದ ಅನ್ನುವುದು ಸುಳ್ಳಲ್ಲ. ವಿರುಪಣ್ಣ "ಇಲ್ಲೇ ಕುಂದ್ರು, ಏನೂ ಮುಟ್ಟಬ್ಯಾಡ" ಅಂದಿದ್ದ. ಮೂರು ತಿಂಗಳು ಹುಲಿಗೆಪ್ಪ ಏನೂ ಮುಟ್ಟಿರಲಿಲ್ಲ.

ಮರುದಿನ ಪಂಪವ್ವ ಮಗನ ತಲೆಗೆ ಎಣ್ಣೆ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ಬುದ್ಧಿ ಹೇಳಿದಳು. "ಹೋದ ಕೂಡ್ಲೇ ಕಾರಿನ ಮುಂದಿನ ಮುಚ್ಚಳ ಎತ್ತಿ ನೋಡು. ಒಳಗ ಏನು ಕೆಟ್ಟೈತಿ, ಏನು ಕಳದೈತಿ, ಗಟ್ಟಿಯಾಗಿ ಹೇಳು. ಗೊಣಗಬ್ಯಾಡ. ಮಿಸ್ತ್ರಿ ಅಂದ್ರ ದನಿ ಇರಬೇಕು."

"ಹೂಂ ಅವ್ವಾ, ತಿಳೀತು."

ತಿಳಿದಿದ್ದರೆ ನಾನು ಈ ಕತೆ ಹೇಳುವ ಹಾಗೇ ಇರಲಿಲ್ಲ.

ಹುಲಿಗೆಪ್ಪ ಹೋದ. ಮುಂದಿನ ಮುಚ್ಚಳ ಎತ್ತಿದ. ಒಳಗೆ ಇಂಜಿನ್ನೇ ಇಲ್ಲ! ಖಾಲಿ ಗುಂಡಿ, ಮೂಲೆಯಲ್ಲಿ ಒಂದು ಕೈಚೀಲ. ಗಿರಣಿ ಬಾಗಿಲಿಗೆ ಬಂದು, ರಸ್ತೆಗೆ ಮುಖ ಮಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ.

"ಸಾವ್ಕಾರ್ರ ಕಾರಿನ ಇಂಜಿನ್ ಕಳವಾಗೈತ್ರೋ! ಇಂಜಿನ್ ಒಯ್ದಾರ್ರೋ!"

ಚಹಾದಂಗಡಿಯವರು ಓಡಿ ಬಂದರು. ಹಮಾಲರು ಓಡಿ ಬಂದರು. ಒಬ್ಬ ಪೊಲೀಸನೂ ಬಂದ. ಎಲ್ಲರಿಗಿಂತ ಮೊದಲು ಸುದ್ದಿ ಗಂಗಾವತಿಗೆ ಹೋಯಿತು. ಸಾಹುಕಾರನ ಫೋನ್ ಹೊಡೆದುಕೊಂಡಿತು.

"ಏನ್ರೀ ಷಡ್ಡಕರೇ," ಮಹಾಂತಪ್ಪನ ದನಿ ಬೆಲ್ಲದ ಹಾಗಿತ್ತು. "ನೀವು ಇಂಜಿನ್ ಇಲ್ಲದ ಕಾರು ತಗೊಂಡೀರಂತ? ಕಡಿಮಿ ರೇಟಿಗೆ ಸಿಕ್ತೇನು?"

ಸಾಹುಕಾರನ ಮುಖ ಕಾರಿಗಿಂತ ಕೆಂಪಾಯಿತು. ಹುಲಿಗೆಪ್ಪನ ಕಿವಿ ಹಿಡಿದು ಕಾರಿನ ಹಿಂದಕ್ಕೆ ಎಳೆದುಕೊಂಡು ಹೋದ. "ನೋಡಲೇ! ಈ ಕಾರಿಗೆ ಇಂಜಿನ್ ಹಿಂದಿರತೈತಿ! ಮುಂದ ಯಾರೂ ಕಾಣದಿದ್ರ, ಏನೂ ಕಾಣದಿದ್ರ, ಬಾಯಿ ಮುಚ್ಚಿಕೊಂಡು ಸಪ್ಪಳ ಮಾಡದಂಗ ಹಿಂದಕ್ಕ ಹೋಗಿ ನೋಡಬೇಕು. ತಿಳೀತಾ?"

"ತಿಳೀತ್ರೀ."

ಮನೆಯಲ್ಲಿ ಪಂಪವ್ವನೂ ಬೈದಳು. ಗೋಡೆಯ ಆಚೆಯಿಂದ ಕೊಟ್ರವ್ವ ಕೇಳಿದಳು, "ಅಕ್ಕಾ, ಇಂಜಿನ್ ಸಿಕ್ಕಿತೇನು?"

ಮಾರನೇ ದಿನ ಭಾನುವಾರ. ಕಾರಿನ ಕೀಲಿ ಇಸಕೊಂಡು ಬರಲು ಹುಲಿಗೆಪ್ಪ ಸಾಹುಕಾರನ ಮನೆಗೇ ಹೋದ. ಮುಂಬಾಗಿಲಲ್ಲಿ ಯಾರೂ ಕಾಣಲಿಲ್ಲ. ಮುಂದೆ ಕಾಣದಿದ್ದರೆ? ಬಾಯಿ ಮುಚ್ಚಿದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಸಪ್ಪಳ ಮಾಡದೆ ಹಿಂದಕ್ಕೆ ಹೋದ. ಹಿಂದೆ ಒಂದು ಬಾಗಿಲು. ಮೆಲ್ಲಗೆ ತಳ್ಳಿದ.

ಬಚ್ಚಲಮನೆ! ಸಾಹುಕಾರ ಲಂಗೋಟಿ ಕಟ್ಟಿಕೊಂಡು, ಮೈಗೆಲ್ಲಾ ಔಡಲೆಣ್ಣೆ ಬಳಿದುಕೊಂಡು, ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಾನೆ. ಹುಲಿಗೆಪ್ಪ ಕೂಗಲಿಲ್ಲ, ಮಾತಾಡಲಿಲ್ಲ. ಮೆತ್ತಗೆ ಪಕ್ಕದಲ್ಲಿ ಹೋಗಿ ಕೂತ. ಸಾಹುಕಾರ ಕಣ್ಣು ಬಿಟ್ಟವನೇ "ಅಯ್ಯಯ್ಯೋ!" ಅಂತ ಎದ್ದ, ಎಣ್ಣೆಗೆ ಕಾಲು ಜಾರಿತು, ಬಿಸಿನೀರಿನ ಹಂಡೆ ತಬ್ಬಿಕೊಂಡ.

"ನೀವು ಹೇಳಿದಂಗ ಮಾಡಿದ್ನೆಲ್ರೀ! ಸಪ್ಪಳ ಮಾಡಲಿಲ್ಲ!"

"ಮೂರ್ಖಾ! ಬಾಗಿಲು ಅಂದ ಮ್ಯಾಲ ಬಡೀಬೇಕು! ಕೆಮ್ಮಬೇಕು! 'ಬರ್ಲೇನ್ರೀ' ಅಂತ ಕೇಳಬೇಕು! ಒಳಗಿದ್ದೋರು ಮಾತಾಡೋ ತನಕ ಕೈ ಇಡಬಾರದು!"

"ತಿಳೀತ್ರೀ."

ಸೋಮವಾರ ಬೆಳಗ್ಗೆ ಸಾಹುಕಾರ ಸುಟ್ಟ ಕೈಗೆ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದು ಹೇಳಿದ, "ಗಾಳಿ ಬರೋ ದಾರಿ ಒಳಗ ಏನೋ ಅಡ್ಡ ಐತಿ ಅನ್ಸತೈತಿ. ಗಾಜಿನ ಕೆಳಗ ಡಬ್ಬಿ ಐತಿ ನೋಡು, ಅದನ್ನ ತೆಗೆದು ನೋಡು." ಹೇಳಿ ಗಿರಣಿಗೆ ಹೋದ.

ಹುಲಿಗೆಪ್ಪ ಡಬ್ಬಿಯ ಮುಂದೆ ನಿಂತ. ಅದಕ್ಕೂ ಒಂದು ಸಣ್ಣ ಬಾಗಿಲಿತ್ತು. ಬಡಿದ. ಕೆಮ್ಮಿದ. "ಬರ್ಲೇನ್ರೀ?" ಅಂದ. ಒಳಗಿನಿಂದ ಮಾತಿಲ್ಲ. ಕೈ ಇಡಲಿಲ್ಲ. ಮತ್ತೆ ಬಡಿದ, ಮತ್ತೆ ಕೆಮ್ಮಿದ, "ಬರ್ಲೇನ್ರೀ?" ಹತ್ತು ಗಂಟೆ ಆಯಿತು, ಹನ್ನೆರಡು ಆಯಿತು. ಕೆಮ್ಮಿ ಕೆಮ್ಮಿ ಅವನಿಗೆ ನಿಜವಾದ ಕೆಮ್ಮೇ ಹತ್ತಿತು. ಮೂರು ಗಂಟೆಗೆ ಒಳಗಿನಿಂದ ಸಣ್ಣ ದನಿ ಬಂತು. "ಕಿಚ್!"

ಹುಲಿಗೆಪ್ಪ ಸಾಹುಕಾರನ ಮನೆಗೆ ಓಡಿದ. ಸಾಹುಕಾರ ಊಟಕ್ಕೆ ಕೂತಿದ್ದ, ಹೆಂಡತಿ ಬಸಲಿಂಗಮ್ಮ ಬಡಿಸುತ್ತಿದ್ದಳು.

"ಸಾವ್ಕಾರ್ರೇ! ಕಾರಿನ್ಯಾಗ ಯಾರೋ ಅದಾರ್ರೀ! ಸಣ್ಣ ದನಿ, ಹೆಣ್ಮಗಳದು ಇದ್ದಂಗ ಐತಿ!"

ಬಸಲಿಂಗಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಯಾಕಿ ಆಕಿ?"

"ನನಗೇನು ಗೊತ್ತು! ನಾ ಆ ಕಾರು ಓಡಿಸೇ ಇಲ್ಲ!"

"ಓಡಿಸದ ಕಾರಿಗೆ ಹೊದಿಕಿ ಹೊದಿಸಿ, ಬೀಗ ಹಾಕಿ, ಕೀಲಿ ಉಡದಾರಕ್ಕ ಕಟ್ಟಿಕೊಂಡಾಗಲೇ ಅನ್ಕೊಂಡೆ! ನನಗ ಎರಡು ಬಳಿ ಕೇಳಿದ್ರ ಇಲ್ಲ, ಆಕಿಗೆ ಎರಡು ಸೀಟಿನ ಕಾರು!"

ಸೌಟು ಹಿಡಿದೇ ಶೆಡ್ಡಿಗೆ ನಡೆದಳು. ಹಿಂದೆ ಸಾಹುಕಾರ, ಅವನ ಹಿಂದೆ ಹುಲಿಗೆಪ್ಪ. ಬಸಲಿಂಗಮ್ಮ ಬಡಿಯಲೂ ಇಲ್ಲ, ಕೆಮ್ಮಲೂ ಇಲ್ಲ, ಡಬ್ಬಿಯ ಮುಚ್ಚಳ ಕಿತ್ತೆಸೆದಳು. ಒಳಗೊಂದು ಇಲಿ. ನಾಲ್ಕು ಮರಿ. ಭತ್ತದ ಹೊಟ್ಟು, ಕಾರಿನ ಇನ್ಶೂರೆನ್ಸ್ ಕಾಗದ, ಸಾಹುಕಾರನ ಜರಿ ಶಾಲಿನ ಅಂಚು ಸೇರಿಸಿ ಕಟ್ಟಿಕೊಂಡ ಮೆತ್ತನೆ ಗೂಡು. ಗಾಳಿಯ ದಾರಿ ಪೂರಾ ಕಟ್ಟಿಹೋಗಿತ್ತು.

ಬಸಲಿಂಗಮ್ಮ ಸೌಟು ಇಳಿಸಿದಳು. "ಬಾಣಂತಿ" ಅಂದು ಮನೆಗೆ ಹೋದಳು.

ಹುಲಿಗೆಪ್ಪನನ್ನು ಬೈದರೂ ಸಾಹುಕಾರನಿಗೆ ಒಳಗೊಳಗೇ ಖುಷಿ. ರೋಗ ಸಿಕ್ಕಿತಲ್ಲ! "ಇಲಿ ಬಿಟ್ಟು ಬಾ. ಮತ್ತ ಒಳಗ ಬರದಂಗ, ತೂತು ಕಂಡಲ್ಲೆಲ್ಲಾ ಬಟ್ಟಿ ತುರುಕು. ಒಂದೂ ಬಿಡಬ್ಯಾಡ."

ಆ ದಿನ ಪಂಪವ್ವ ಗೋಡೆಯ ಹತ್ತಿರ ನಿಂತು ಗಟ್ಟಿಯಾಗಿ ಹೇಳಿದಳು, "ರೋಗ ಕಂಡುಹಿಡದೋನು ನನ್ನ ಮಗ! ಬೆಂಗಳೂರಿನೋರಿಗೆ ಆಗಲಿಲ್ಲ, ನನ್ನ ಹುಲಿಗೆಪ್ಪಗ ಆತು!" ಗೋಡೆಯ ಮೇಲಿನ ಏಸಿಯ ಡಬ್ಬಿ ಝಳ ಊದಿತು. ಪಂಪವ್ವನಿಗೆ ಆವತ್ತು ಅದು ತಂಗಾಳಿ ಅನ್ನಿಸಿತು. ಮನೆಯಲ್ಲಿದ್ದ ಹಳೇ ಸೀರೆ, ಹಳೇ ಲುಂಗಿ ಎಲ್ಲಾ ಗಂಟು ಕಟ್ಟಿ ಮಗನಿಗೆ ಕೊಟ್ಟಳು.

ಮಂಗಳವಾರ ಹುಲಿಗೆಪ್ಪ ತೂತು ಹುಡುಕಿದ. ಗೋಡೆಯದಲ್ಲ, ಶೆಡ್ಡಿನದಲ್ಲ, ಕಾರಿನದು. ತಂಪು ಗಾಳಿ ಬರುವ ಕಿಂಡಿ ಆರು. ಆರಕ್ಕೂ ತುರುಕಿದ. ಪೆಟ್ರೋಲ್ ಹಾಕುವ ಬಾಯಿ. ತುರುಕಿದ. ಹಿಂದೆ ಹೊಗೆ ಬಿಡುವ ಕೊಳವೆ ನಾಲ್ಕು, ಒಂದೊಂದಕ್ಕೂ ಅರ್ಧರ್ಧ ಸೀರೆ. ಬಟ್ಟೆ ಸಾಲದೆ ತನ್ನ ಅಂಗಿಯನ್ನೂ ಬಿಚ್ಚಿ ತುರುಕಿ, ಬನಿಯನ್ನಿನಲ್ಲಿ ನಿಂತ.

ಸಾಹುಕಾರ ಬಂದು ಕೂತು ಗುಂಡಿ ಒತ್ತಿದ. ಹುಲಿ ಗುರುಗುಟ್ಟಬೇಕಾದ ಕಾರು ಒಮ್ಮೆ ಬಿಕ್ಕಳಿಸಿತು. ಎರಡನೇ ಸಲ ಒತ್ತಿದ. ಹಿಂದಿನಿಂದ ಢಬ್ ಅಂತ ಸದ್ದು ಬಂತು, ಪಂಪವ್ವನ ಇಳಕಲ್ ಸೀರೆಯ ಅರ್ಧ ಹಾರಿ ಬಂದು ಗಿರಣಿಯ ಮುನೀಮನ ಮುಖದ ಮೇಲೆ ಕೂತಿತು.

ಫೋನ್ ಹೊಡೆದುಕೊಂಡಿತು. "ಏನ್ರೀ ಷಡ್ಡಕರೇ, ನಿಮ್ಮ ಕಾರು ಸೀರಿ ಹಡೀತಂತ?"

ಯಾರು ಸುದ್ದಿ ಮುಟ್ಟಿಸುತ್ತಾರೋ ದೇವರಿಗೇ ಗೊತ್ತು. ಸಾಹುಕಾರ ಫೋನ್ ಎಸೆದು ಕೂಗಿದ, "ಲೇ ಗಾಳಿಗೇ ದಾರಿ ಇಲ್ಲದಿದ್ರ ತಂಪು ಎಲ್ಲಿಂದ ಬರಬೇಕಲೇ! ಬಿಚ್ಚು! ಮುಚ್ಚಿದ್ದೆಲ್ಲಾ ಬಿಚ್ಚು! ಒಂದೂ ಬಿಡಬ್ಯಾಡ!"

"ತಿಳೀತ್ರೀ."

ಬುಧವಾರ ಬಿಚ್ಚಿದ. ಸೀರೆ ತೆಗೆದ, ಲುಂಗಿ ತೆಗೆದ, ತನ್ನ ಅಂಗಿ ತೆಗೆದು ಕೊಡವಿ ಹಾಕಿಕೊಂಡ. ಅಷ್ಟಕ್ಕೆ ಬಿಟ್ಟನೇ? ಇನ್ನೂ ಏನು ಮುಚ್ಚಿದೆ ಅಂತ ನೋಡಿದ. ಎಣ್ಣೆಯ ಮುಚ್ಚಳ ಬಿಚ್ಚಿದ. ನೀರಿನ ಮುಚ್ಚಳ ಬಿಚ್ಚಿದ. ಏಸಿಯ ಪೈಪಿನ ಮೇಲೆ ಟೋಪಿಯಂಥ ಎರಡು ಸಣ್ಣ ಮುಚ್ಚಳ ಇದ್ದವು, ಬಿಚ್ಚಿದ. ಅವುಗಳ ಒಳಗೆ ಸೂಜಿಯಂಥದೊಂದು ದಾರಿಗೆ ಅಡ್ಡ ನಿಂತಿತ್ತು. ಇದೂ ಮುಚ್ಚಿದ್ದೇ ಅಂತ ಮೊಳೆಯಿಂದ ಒತ್ತಿ ಹಿಡಿದ.

"ಭುಸ್ಸ್ಸ್!"

ಬೆಳ್ಳಗೆ ಹೊಗೆ ಎದ್ದಿತು. ಎಂಥಾ ತಂಪು! ಬೆರಳು ಮರಗಟ್ಟಿತು. ಹುಲಿಗೆಪ್ಪ ಕುಣಿದಾಡಿದ. "ಸಾವ್ಕಾರ್ರೇ, ತಂಪು ಬಂತ್ರೀ! ಒಳಗ ಸಿಕ್ಕೊಂಡಿತ್ತು, ಹೊರಗ ಬಂತು!"

ಸಾಹುಕಾರ ಓಡಿ ಬರುವಷ್ಟರಲ್ಲಿ ಏಸಿಯ ಗ್ಯಾಸೆಲ್ಲಾ ಖಾಲಿ.

ಇನ್ನೇನು ಮಾಡುವುದು? ಮರುದಿನ ಮಾವ ಬರುವುದು. ಹಲ್ಲು ಕಚ್ಚಿಕೊಂಡು ಸಾಹುಕಾರ ಬಳ್ಳಾರಿಯ ಮಿಸ್ತ್ರಿಯನ್ನೇ ಕರೆಸಿದ. ಮಿಸ್ತ್ರಿ ಬಂದ, ಮುಚ್ಚಳಗಳನ್ನೆಲ್ಲಾ ಬಿಗಿದ, ಗ್ಯಾಸ್ ತುಂಬಿದ, ಏಸಿ ಹಚ್ಚಿದ. ಮಾಘ ಮಾಸದ ಮುಂಜಾವು ಇದ್ದ ಹಾಗೆ ಗಾಳಿ ಬಂತು! "ಇಲಿಗೂಡು ಒಂದೇ ಅಡ್ಡ ಇದ್ದದ್ದು, ಸಾವ್ಕಾರ್ರೇ. ಗ್ಯಾಸ್ ಮೊದಲೇ ಸರಿ ಇತ್ತು, ನೀವಾಗೇ ಬಿಟ್ಟೀರಿ" ಅಂದ. ಅಂದು, ನಗು ನುಂಗಿಕೊಂಡು, ಗಂಗಾವತಿಗೆ ಫೋನ್ ಮಾಡಲು ಹೊರಗೆ ಹೋದ.

ಸಾಹುಕಾರ ಹುಲಿಗೆಪ್ಪನ ಕತ್ತು ಹಿಡಿದು ಹೊರಗೆ ದಬ್ಬಿದ. ಪಂಪವ್ವ ಓಡಿ ಬಂದು ಕಾಲಿಗೆ ಬಿದ್ದಳು.

"ಮಿಸ್ತ್ರಿ ಬಾಯಿಂದಲೇ ಬಂತಲ್ರೀ, ಇಲಿಗೂಡೇ ಅಡ್ಡ ಅಂತ! ಅದನ್ನ ಕಂಡೋನು ಯಾರು? ನನ್ನ ಮಗ! ನ್ಯಾಯ ಹೇಳ್ರಿ! ಮಳಿಗಿ ಆಕಿ ಮಗನಿಗೆ ಹೋದ್ರ ನಾ ಆ ಗೋಡಿ ಪಕ್ಕ ಹೆಂಗ ಬದುಕಲಿ?"

ಹೊಟ್ಟೆಯುರಿಗೆ ಹೊಟ್ಟೆಯುರಿಯ ಗುರುತು ಸಿಕ್ಕುತ್ತದೆ. ಸಾಹುಕಾರನ ಮನಸ್ಸು ಕರಗಿತು. "ಆತು. ನಾಳೆ ಒಂದು ದಿನ ಕಾರು ಕಾಯಲಿ. ಮಾವ ನನ್ನ ಕಾರಿನ್ಯಾಗ ಕುಂತ್ರ ಮಳಿಗಿ ನಿನಗ." ಆಮೇಲೆ ಹುಲಿಗೆಪ್ಪನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "ಏಸಿ ಹಚ್ಚಿ ಒಳಗ ಕುಂದ್ರು. ಬಾಗಿಲು ತೆಗೀಬ್ಯಾಡ. ಬಾಗಿಲು ತೆಗೆದ್ರ ತಂಪೆಲ್ಲಾ ಹೊರಗ ಹೋಗತೈತಿ. ಯಾರು ಬಡಿದ್ರೂ, ಯಾರು ಕೆಮ್ಮಿದ್ರೂ, ಬಾಗಿಲು ತೆಗೀಬ್ಯಾಡ!"

ಎಲ್ಲಾ ಹೇಳಿದ. ಎಲ್ಲಿಯ ತನಕ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಗುರುವಾರ, ಮಟಮಟ ಮಧ್ಯಾಹ್ನ. ಸ್ಟೇಷನ್ ಅಂಗಳದಲ್ಲಿ ಎರಡು ಕೆಂಪು ಕಾರು, ಜೋಡಿ ಮೆಣಸಿನಕಾಯಿಯ ಹಾಗೆ. ಒಂದು ಅಮರೇಶಪ್ಪನದು, ಒಂದು ಮಹಾಂತಪ್ಪನದು. ಹುಲಿಗೆಪ್ಪ ಒಂದು ಗಂಟೆಯಿಂದ ಒಳಗೆ ಕೂತಿದ್ದಾನೆ. ಹಲ್ಲು ಕಟಕಟ ಅನ್ನುತ್ತಿವೆ. ಗಾಜಿನ ಹೊರಗೆ ಹನಿ ಕಟ್ಟಿ ಕೆಳಗಿಳಿಯುತ್ತಿದೆ. ಪಂಪವ್ವ ಬೇವಿನ ಮರದ ನೆರಳಲ್ಲಿ ನಿಂತಿದ್ದಾಳೆ. ಕೊಟ್ರವ್ವ ಮನೆಯಲ್ಲಿ ಕೂತಾಳೆಯೇ? ಹಬ್ಬಕ್ಕೆ ಮಾವಿನೆಲೆ ಕೊಳ್ಳುವ ನೆವ ಮಾಡಿಕೊಂಡು ಅವಳೂ ಬಂದಿದ್ದಾಳೆ.

ರೈಲು ಬಂತು. ಮಾವ ಇಳಿದರು. ಒಂದು ಕೈ ಒಬ್ಬ ಅಳಿಯ ಹಿಡಿದ, ಇನ್ನೊಂದು ಕೈ ಇನ್ನೊಬ್ಬ ಅಳಿಯ ಹಿಡಿದ.

"ನಂದರಾಗ ಬರ್ರಿ ಮಾವ!"

"ಅದರಾಗ ಇಲಿ ಅದಾವ ಮಾವ, ನಂದರಾಗ ಬರ್ರಿ!"

"ಕೈ ಬಿಡ್ರಪಾ, ಕಿತ್ತು ಬಂದಾವು!" ಅಂದರು ಸಂಗನಬಸಪ್ಪನವರು. ಪೇಟ ಸರಿಮಾಡಿಕೊಂಡು ಮಹಾಂತಪ್ಪನ ಕಾರಿನ ಗಾಜು ಮುಟ್ಟಿದರು. "ಹೂಂ, ತಣ್ಣಗೈತಿ." ಅಮರೇಶಪ್ಪನ ಕಾರಿನ ಗಾಜು ಮುಟ್ಟಿದರು. ಹನಿ ಹನಿ ನೀರು ಅಂಗೈಗೆ ಹತ್ತಿತು. ಹಣೆಗೆ ಒರೆಸಿಕೊಂಡರು. ಕಣ್ಣು ಮುಚ್ಚಿದರು. "ಆಹಾ! ಇದರಾಗ ಕುಂದರತೀನಿ!"

ಅಮರೇಶಪ್ಪನಿಗೆ ರೆ‌ಕ್ಕೆ ಬಂದಂತಾಯಿತು. ಮಹಾಂತಪ್ಪನ ಮುಖ ಸುಟ್ಟ ಬದನೆಕಾಯಿ. "ಏನ್ರೀ ಷಡ್ಡಕರೇ!" ಅಂತ ಅಮರೇಶಪ್ಪ ಒಂದೇ ಒಂದು ಸಲ ಅಂದ. ವರ್ಷದಿಂದ ಅನ್ನಬೇಕು ಅಂತಿದ್ದ. ಅಂದು, ಬಾಗಿಲಿಗೆ ಕೈ ಹಾಕಿದ.

ಬಾಗಿಲು ಬರಲಿಲ್ಲ. ಒಳಗಿನಿಂದ ಲಾಕು.

"ತೆಗಿಯಲೇ!"

ಹುಲಿಗೆಪ್ಪ ತಲೆ ಅಲ್ಲಾಡಿಸಿದ. ಗಾಜಿನಾಚೆಯಿಂದ ದನಿ ಸಣ್ಣಗೆ ಬಂತು. "ತೆಗಿಯಂಗಿಲ್ರೀ! ತಂಪು ಹೋಗತೈತ್ರೀ!"

"ನಾನು ಸಾವ್ಕಾರಲೇ!"

"ಯಾರು ಬಡಿದ್ರೂ ತೆಗೀಬ್ಯಾಡ ಅಂದೀರಿ!"

ಸಾಹುಕಾರ ಬಡಿದ, ಕೆಮ್ಮಿದ, ಕೈ ಮುಗಿದ. ಮಾವನ ಪೇಟದಿಂದ ಬೆವರು ಇಳಿಯತೊಡಗಿತು. ಸ್ಟೇಷನ್ನಿಗೆ ಬಂದವರೆಲ್ಲಾ ನೋಡುತ್ತಾರೆ: ಒಳಗೆ ಪಂಪವ್ವನ ಮಗ ತಣ್ಣಗೆ ಕೂತಿದ್ದಾನೆ, ಹೊರಗೆ ಊರ ಸಾಹುಕಾರ ಬಿಸಿಲಲ್ಲಿ ಅವನಿಗೆ ಕೈ ಮುಗಿಯುತ್ತಿದ್ದಾನೆ. ಕೊಟ್ರವ್ವನೂ ನೋಡಿದಳು. ಅವಳ ಬಾಯಿ ಒಂದು ಕಡೆ ಸೊಟ್ಟಗಾಯಿತು. ತನ್ನ ಮಗ ಅಷ್ಟು ಕಲಿತೂ ಎಂದೂ ಅಂಥ ಕಾರಿನ ಸೀಟಿನ ಮೇಲೆ ಕೂತವನಲ್ಲ, ಅದರ ಕೆಳಗೆ ಮಲಗಿದವನು.

ಆ ಸೊಟ್ಟ ಬಾಯಿ ನೋಡಿ ಪಂಪವ್ವನ ಹೊಟ್ಟೆ ತಣ್ಣಗಾಯಿತು. ಎಷ್ಟು ವರ್ಷದ ಝಳ ಅದು!

"ಪಂಪವ್ವಾ! ನಿನ್ನ ಮಗನಿಗೆ ಹೇಳೇ!" ಸಾಹುಕಾರ ಕೂಗಿದ.

ಪಂಪವ್ವ ಅವಸರ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡಳು. ಕೊಟ್ರವ್ವನಿಗೆ ಕೇಳುವ ಹಾಗೆ ಕೇಳಿದಳು, "ಮಳಿಗಿ?"

"ನಿಂದೇ! ತಗೋ ಕೀಲಿ!" ಸಾಹುಕಾರ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಗೆ ಒತ್ತಿದ.

ಪಂಪವ್ವ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದು, ರಾಣಿಯ ಹಾಗೆ ನಡೆದು, ಗಾಜಿನ ಹತ್ತಿರ ಬಗ್ಗಿದಳು. "ಹುಲಿಗಾ! ನನ್ನ ಬಂಗಾರಾ! ಆ ಹಿರೇರನ್ನ ಒಳಗ ಕೂಡಿಸ್ಕೋ!"

ಹುಲಿಗೆಪ್ಪ ಯೋಚನೆ ಮಾಡಿದ. ಸಾಹುಕಾರರು ಬಾಗಿಲು ತೆಗೀಬೇಡ ಅಂದಿದ್ದಾರೆ. ಅವ್ವ ಹಿರೇರನ್ನ ಕೂಡಿಸ್ಕೋ ಅಂದಿದ್ದಾಳೆ. ಇಬ್ಬರ ಮಾತೂ ನಡೆಯಬೇಕು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಒಂದು ಉಪಾಯ ಹೊಳೆಯಿತು. ಈ ಜಾತಿಯ ಕಾರಿಗೆ ಇನ್ನೊಂದು ಸೋಜಿಗ ಇರುತ್ತದೆ ನೋಡಿ, ಒಂದು ಗುಂಡಿ ಒತ್ತಿದರೆ ಚಾವಣಿಯೇ ಮಡಚಿಕೊಂಡು ಹಿಂದಕ್ಕೆ ಸರಿದುಬಿಡುತ್ತದೆ. ಗುಂಡಿಯ ಮೇಲೆ ಚಾವಣಿ ತೆರೆದ ಕಾರಿನ ಚಿತ್ರ ಇತ್ತು, ಹುಲಿಗೆಪ್ಪ ಅಷ್ಟು ಹೊತ್ತಿನಿಂದ ಅದನ್ನೇ ನೋಡುತ್ತಾ ಕೂತಿದ್ದ.

ಒತ್ತಿದ.

ಚಾವಣಿ ಎದ್ದಿತು, ಮಡಚಿತು, ಹಿಂದಕ್ಕೆ ಹೋಯಿತು. ಒಂದು ಗಂಟೆ ಕೂಡಿಟ್ಟ ತಂಪು ಒಂದೇ ಉಸಿರಿಗೆ ಮೇಲೆ ಹಾರಿಹೋಯಿತು. ಹೊಸಪೇಟೆಯ ಬಿಸಿಲು ಧಪ್ಪನೆ ಒಳಗೆ ಬಿತ್ತು. ಹುಲಿಗೆಪ್ಪ ಸೀಟಿನ ಮೇಲೆ ಎದ್ದು ನಿಂತು, "ಬರ್ರಿ ಹಿರೇರೇ!" ಅಂತ ಸಂಗನಬಸಪ್ಪನವರ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದ. ಪೇಟ ಬಿತ್ತು. ಧೋತರ ಕನ್ನಡಿಗೆ ಸಿಕ್ಕಿತು. ಮಾವನ ತಲೆ ಸೀಟಿನ ಕೆಳಗೆ ಹೋಯಿತು, ಎರಡು ಕಾಲು ಆಕಾಶಕ್ಕೆ ನಿಂತವು.

"ಸತ್ತೆನೋ!"

ಮಹಾಂತಪ್ಪ ನುಗ್ಗಿ ಬಂದು, ಕಾಲು ಹಿಡಿದು, ಮೂಲಂಗಿ ಕಿತ್ತ ಹಾಗೆ ಮಾವನನ್ನು ಮೇಲಿನಿಂದಲೇ ಕಿತ್ತ. ಕಿತ್ತು, ಧೋತರ ಸುತ್ತಿ, ತನ್ನ ಕಾರಿನಲ್ಲಿ ಕೂಡಿಸಿ, ಗಾಜು ಏರಿಸಿ, ಹುಲಿಯ ಹಾಗೆ ಗುರುಗುಟ್ಟಿಸಿಕೊಂಡು ಗಂಗಾವತಿಗೆ ಹೊರಟೇಹೋದ.

ಅಮರೇಶಪ್ಪ ಪಂಪವ್ವನ ಅಂಗೈಯಿಂದ ಕೀಲಿ ಕಿತ್ತುಕೊಂಡ. ಸುತ್ತ ನೋಡಿದ. ಸೀದಾ ಹೋಗಿ ಕೊಟ್ರವ್ವನ ಮಾವಿನೆಲೆಯ ಬುಟ್ಟಿಗೆ ಅದನ್ನು ಎಸೆದ. "ನಿನ್ನ ಮಗ ಶ್ರೀಶೈಲದಿಂದ ಬಂದ ಮ್ಯಾಲ ಕಳಿಸು" ಅಂದು, ಬಿಸಿಲಲ್ಲಿ ನಡೆದುಕೊಂಡೇ ಹೋದ.

ಕೊಟ್ರವ್ವನ ಬಾಯಿ ನೆಟ್ಟಗಾಯಿತು. ಪಂಪವ್ವ ಅಲ್ಲೇ ನೆಲಕ್ಕೆ ಕುಸಿದು, ಹಣೆ ಹಣೆ ಬಡಿದುಕೊಂಡಳು.

ಹುಲಿಗೆಪ್ಪ ತೆರೆದ ಕಾರಿನಲ್ಲಿ ನೆಟ್ಟಗೆ ಕೂತಿದ್ದ. ಬಾಗಿಲು ಎರಡೂ ಭದ್ರ. ಏಸಿ ಭರ್ರಂತ ಓಡುತ್ತಲೇ ಇತ್ತು. ಮುಖದ ತುಂಬಾ ಬೆವರು, ಬೆವರಿನ ತುಂಬಾ ನಗು.

"ಅವ್ವಾ, ಬಾಗಿಲು ತೆಗೀಲಿಲ್ಲ ನೋಡು!" ಅಂದ. ಆಮೇಲೆ ಸುತ್ತ ನಿಂತ ಜನರನ್ನು ನೋಡಿದ, ಬುಟ್ಟಿ ಹಿಡಿದು ನಿಂತ ಕೊಟ್ರವ್ವನನ್ನು ನೋಡಿದ, ಏಸಿಯ ಕಿಂಡಿಯನ್ನು ಅವಳ ಕಡೆಗೇ ತಿರುಗಿಸಿದ.

"ಚಿಕ್ಕವ್ವಾ, ಯಾಕ ಬಿಸಲಾಗ ನಿಂತಿ? ಹತ್ರ ಬಾ. ತಂಪು ನಿನಗೇ ಬಿಟ್ಟೀನಿ!"